ನಲವತ್ತೆಂಟರಲ್ಲಿ ಮತ್ತೆ ಬೇತಾಳ

ಪ್ರಶ್ನೆ: ನನಗೀಗ 48 ವರ್ಷ. ಚಿಕ್ಕವಳಿದ್ದಾಗ ‘ಚಂದಮಾಮ’ ಅಂದರೆ ಪ್ರಾಣ, ಅದರಲ್ಲೂ ಬೇತಾಳ ಕಥೆ. ಈಚೆಗೆ ಅಣ್ಣ ಮನೆ ಬದಲಾಯಿಸುವಾಗ, ಅಪ್ಪ ವರ್ಷವಾರು ಬೈಂಡ್ ಮಾಡಿಸಿಟ್ಟಿದ್ದ ನಾಲ್ಕು ಸಂಪುಟ ಸಿಕ್ಕವು. ಆಸೆಯಿಂದ ತಂದು ಎರಡೇ ರಾತ್ರಿಯಲ್ಲಿ ಒಂದನ್ನು ಮುಗಿಸಿದೆ. ಏನೋ ಸಪ್ಪೆ ಅನ್ನಿಸಿತು. ಮಾಂತ್ರಿಕರ ಧಾರಾವಾಹಿ ಸುಮ್ನೆ ಓಡುತ್ತದೆ. ಬೇತಾಳ ಕಥೆಗಳಲ್ಲಿ ಹೆಣ್ಣನ್ನು ಯಾರಿಗೆ ಕೊಡಬೇಕು ಅನ್ನುವುದೇ ಪಂಚಾಯಿತಿ, ಸಾಮಾನು ಹಂಚಿದ ಹಾಗೆ. ಹೆದರಿಕೆಯಂತೂ ಆಗಲೇ ಇಲ್ಲ. 11 ವರ್ಷದ ಮಗಳಿಗೆ ಕೊಟ್ಟೆ, ಎರಡು ಪುಟ ಓದಿ ಮಡಚಿಟ್ಟಳು. ಮಿಕ್ಕ ಮೂರು ಸಂಪುಟ ತೆಗೆಯದೆ, ನೆನಪನ್ನಾದರೂ ಹಾಗೇ ಉಳಿಸಿಕೊಳ್ಳಲಾ? ಹಳಸಿದ್ದು ಕಥೆಯಾ, ನಾನಾ?

ಉತ್ತರ: ಮೊದಲು ಆ ಎರಡು ರಾತ್ರಿಯ ಲೆಕ್ಕ ನೋಡೋಣ. ಒಂದು ಸಂಪುಟ ಅಂದರೆ 12 ಸಂಚಿಕೆ. ಚಿಕ್ಕವರಿದ್ದಾಗ ಅದನ್ನು ಮುಗಿಸಲು ನಿಮಗೆ ಒಂದು ವರ್ಷ ಬೇಕಾಗಿತ್ತು. ಓದಿದ್ದು ಹೆಚ್ಚೆಂದರೆ ಹನ್ನೆರಡು ಮಧ್ಯಾಹ್ನ. ಮಿಕ್ಕ ಮುನ್ನೂರೈವತ್ತು ದಿನ ಕಾದಿದ್ದೀರಿ. ಧಾರಾವಾಹಿಯ ಕಂತು ಯಾವಾಗಲೂ ಎಡವಟ್ಟಿನ ಜಾಗದಲ್ಲೇ ನಿಲ್ಲುತ್ತಿತ್ತು. ಹೆಸರಿಲ್ಲದ ಯಾವುದೋ ಮೃಗ ನಾಯಕನ ಮೇಲೆ ಎರಗುತ್ತಿದೆ ಅನ್ನುವಾಗ ‘ಇನ್ನೂ ಇದೆ’. ಮುಂದಿನ ತಿಂಗಳವರೆಗೆ ಆ ಮೃಗ ಗಾಳಿಯಲ್ಲೇ ಇರುತ್ತಿತ್ತು. ಅಷ್ಟೂ ದಿನ ನೀವು ಸ್ನಾನ ಮಾಡುವಾಗ, ಸ್ಕೂಲಿಗೆ ನಡೆಯುವಾಗ, ಗಣಿತದ ಪೀರಿಯಡ್ಡಿನಲ್ಲಿ, ಆ ಹುಡುಗನನ್ನು ಹತ್ತು ರೀತಿಯಲ್ಲಿ ಪಾರು ಮಾಡುತ್ತಿದ್ದಿರಿ. ಹೊಸ ಸಂಚಿಕೆ ಬಂದಾಗ ಅವನು ಎರಡು ಸಾಲಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದ. ನಿಮ್ಮ ಅಪ್ಪ ಬೈಂಡ್ ಮಾಡಿಸಿದ್ದು ಆ ಎರಡು ಸಾಲನ್ನು ಮಾತ್ರ. ನೀವು ಕಟ್ಟಿಕೊಂಡಿದ್ದ ಹತ್ತು ಕಥೆ ಅದರಲ್ಲಿ ಇಲ್ಲ, ಇರುವ ಹಾಗೂ ಇಲ್ಲ.

ಹಾಗಂತ ಬರೆದವರು ಸಾಮಾನ್ಯರಲ್ಲ. ಆ ಧಾರಾವಾಹಿಗಳಲ್ಲಿ ಹೆಚ್ಚಿನವು ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಅವರವು. ಪತ್ರಿಕೆಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ. ಮದರಾಸಿನಲ್ಲಿ ಬಿ. ನಾಗಿರೆಡ್ಡಿ, ಚಕ್ರಪಾಣಿ ಸೇರಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಪತ್ರಿಕೆ ಶುರು ಮಾಡಿದರು. ಕನ್ನಡಕ್ಕೆ ಬಂದಿದ್ದು 1949ರಲ್ಲಿ. ಒಂದೇ ಕಥೆ, ಒಂದೇ ಚಿತ್ರ, ಹತ್ತಾರು ಭಾಷೆ. ನಾವೆಲ್ಲ ಅದು ನಮ್ಮೂರಿನದೇ ಅಂದುಕೊಂಡಿದ್ದೆವು. ದಾಸರಿಯವರಿಗೆ ತಿಂಗಳ ಅಂತರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕಂತಿನ ಕೊನೆಗೆ ಎಷ್ಟು ಎತ್ತರಕ್ಕೆ ಹತ್ತಿಸಬೇಕು, ಮುಂದಿನ ಕಂತಿನಲ್ಲಿ ಎಷ್ಟು ಬೇಗ ಇಳಿಸಬೇಕು ಅನ್ನುವುದು ಅವರ ಕೈಹದ. ಒಂದೇ ಸಲಕ್ಕೆ ಹನ್ನೆರಡು ಕಂತು ಓದಿದರೆ ಹತ್ತಿ ಇಳಿದು ಹತ್ತಿ ಇಳಿದು ಕಾಲು ನೋಯುತ್ತದೆ ಅಷ್ಟೆ. ಆದ್ದರಿಂದ ಧಾರಾವಾಹಿ ಓದುವುದಾದರೆ ವಾರಕ್ಕೆ ಒಂದೇ ಕಂತು. ಭಾನುವಾರ ಒಂದು ಓದಿ, ಪುಸ್ತಕವನ್ನು ಕೈಗೆ ಸಿಗದ ಕಡೆ ಇಡಿ. ಇದು ನಾಸ್ಟಾಲ್ಜಿಯಾ ಆಟ ಅನ್ನಿಸಬಹುದು. ನಾನು ಮಾಡಿ ನೋಡಿದ್ದೇನೆ. ಮೂರನೇ ವಾರಕ್ಕೆ ತಲೆಯೊಳಗೆ ಏನೋ ಅಲ್ಲಾಡಲು ಶುರುವಾಗುತ್ತದೆ. ಆಗದಿದ್ದರೆ ಬಿಟ್ಟುಬಿಡಿ, ಧಾರಾವಾಹಿಯ ವಿಷಯದಲ್ಲಿ ನಿಮ್ಮ ದೂರು ಅರ್ಧ ನಿಜವೇ.

ಬೇತಾಳದ ವಿಷಯ ಬೇರೆ. ಅಲ್ಲಿ ನಾನು ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು.

ಮೂವತ್ತು ವರ್ಷ ಕನ್ನಡ ಪಾಠ ಮಾಡಿದೆ. ಅದರಲ್ಲಿ ಜಾಸ್ತಿ ಹೊತ್ತು ಕಳೆದದ್ದು ಮಕ್ಕಳ ಪತ್ರಿಕೆ, ಜಾನಪದ ಕಥೆಗಳ ಜೊತೆ. ಬೇತಾಳ ಕಥೆಯನ್ನು ಮತ್ತೆ ಓದಿದವರನ್ನು ನಾನು ಕೇಳುವ ಪ್ರಶ್ನೆ ಒಂದೇ: ಕಥೆ ಶುರುವಾಗುವ ಮುಂಚಿನ ಪ್ಯಾರಾ ಓದಿದಿರಾ? ನೆನಪಿಸಿಕೊಳ್ಳಿ. ‘ಛಲ ಬಿಡದ ತ್ರಿವಿಕ್ರಮ’ ಮರದ ಹತ್ತಿರ ಬರುತ್ತಾನೆ, ಶವ ಇಳಿಸುತ್ತಾನೆ, ಹೆಗಲಿಗೆ ಹಾಕುತ್ತಾನೆ, ಮಾತಾಡದೆ ಸ್ಮಶಾನದ ಕಡೆ ಹೊರಡುತ್ತಾನೆ. ಕಥೆ ಹೇಳಿ ಬೇತಾಳ ಪ್ರಶ್ನೆ ಕೇಳುತ್ತದೆ, ರಾಜ ಬಾಯಿ ಬಿಟ್ಟರೆ ಶವ ಮತ್ತೆ ಮರಕ್ಕೆ. ಇದು ನಮಗೆ ಬಾಯಿಪಾಠ. ಆದರೆ ರಾಜ ಹೊರಟ ಮೇಲೆ, ಕಥೆಗೆ ಮುಂಚೆ, ಬೇತಾಳ ನಾಲ್ಕು ಮಾತು ಚುಚ್ಚುತ್ತದೆ. ರಾಜ, ಈ ಸರಿರಾತ್ರಿಯಲ್ಲಿ ಯಾರಿಗೋಸ್ಕರ ಇಷ್ಟು ಕಷ್ಟಪಡುತ್ತಿದ್ದೀಯ? ಕಷ್ಟಪಟ್ಟು ಗಳಿಸಿದ್ದನ್ನು ಕೊನೆ ಗಳಿಗೆಯಲ್ಲಿ ಕೈಬಿಟ್ಟವರಿದ್ದಾರೆ, ನೀನೂ ಹಾಗೇ ಮಾಡುತ್ತೀಯೇನೋ. ಸಂಚಿಕೆಯಿಂದ ಸಂಚಿಕೆಗೆ ಮಾತು ಬದಲಾಗುತ್ತದೆ, ಧಾಟಿ ಇದೇ.

ಹತ್ತು ವರ್ಷದ ಮಕ್ಕಳಿಗೆ ಈ ಪ್ಯಾರಾ ಬೇಕಿಲ್ಲ. ನಾವೆಲ್ಲ ಹಾರಿಸಿಬಿಡುತ್ತಿದ್ದೆವು. ನಾನು ಅದನ್ನು ಮೊದಲ ಸಲ ನಿಜವಾಗಿ ಓದಿದ್ದು ನಲವತ್ತು ದಾಟಿದ ಮೇಲೆ, ಪರೀಕ್ಷೆಯ ಪೇಪರ್ ಕಟ್ಟು ತಿದ್ದುತ್ತಾ ರಾತ್ರಿ ಒಂದು ಗಂಟೆ ಆಗಿದ್ದಾಗ. ಬೇಸರಕ್ಕೆ ಹಳೇ ಸಂಚಿಕೆ ಕೈಗೆತ್ತಿಕೊಂಡೆ. ಈ ಸರಿರಾತ್ರಿಯಲ್ಲಿ ಯಾರಿಗೋಸ್ಕರ? ಪೆನ್ನಿನ ಕ್ಯಾಪ್ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮಗೆ ಹೆದರಿಕೆ ಆಗಲಿಲ್ಲ ಅಂದಿರಿ. ಹೆಣಕ್ಕೆ ಹೆದರುವ ವಯಸ್ಸು ದಾಟಿದ್ದೀರಿ, ಅಷ್ಟೆ. ಚುಚ್ಚುವ ಪ್ಯಾರಾ ಹಾರಿಸಿದ್ದೀರಿ ಅಂತ ನನ್ನ ಅನುಮಾನ.

ಹೆಣದ ಮಾತು ಬಂತಲ್ಲ. ಚಂದಮಾಮದ ಚಿತ್ರಕಾರ ಶಂಕರ್ ಅವರ ಆ ಚಿತ್ರ ನೋಡಿ: ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ. ಕೆ.ಸಿ. ಶಿವಶಂಕರನ್ ಅವರ ಪೂರ್ತಿ ಹೆಸರು. 1950ರ ದಶಕದ ಶುರುವಿನಲ್ಲಿ ಪತ್ರಿಕೆಗೆ ಸೇರಿ, ಪತ್ರಿಕೆ ನಿಲ್ಲುವ ತನಕ ಚಿತ್ರ ಬರೆದು, 2020ರಲ್ಲಿ ತೀರಿಕೊಂಡರು. ಚಿಕ್ಕವನಿದ್ದಾಗ ನಾನು ಆ ಚಿತ್ರದಲ್ಲಿ ಕತ್ತಿಯನ್ನು ನೋಡುತ್ತಿದ್ದೆ. ಅಪ್ಪ ಹೋದಾಗ ಚಟ್ಟಕ್ಕೆ ಹೆಗಲು ಕೊಟ್ಟೆ. ನಾಲ್ಕು ಜನ ಹೊತ್ತರೂ ಎರಡು ಕಡೆ ಇಳಿಸಬೇಕಾಯಿತು. ಅದಾದ ಮೇಲೆ ಆ ಚಿತ್ರದಲ್ಲಿ ನನ್ನ ಕಣ್ಣು ಹೋಗುವುದು ರಾಜನ ಭುಜಕ್ಕೆ. ಒಬ್ಬನೇ ಹೊತ್ತಿದ್ದಾನಲ್ಲ, ಎಷ್ಟು ಸಲ ಹೊತ್ತನೋ.

ಎಷ್ಟು ಸಲ ಅನ್ನುವುದಕ್ಕೆ ಮೂಲದಲ್ಲಿ ಲೆಕ್ಕ ಇದೆ. ಈ ಕಥೆಗಳು 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿವೆ. ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ, ಊರು ಗೋದಾವರಿ ದಡದ ಪ್ರತಿಷ್ಠಾನ. ಟಿವಿಯಲ್ಲಿ, ಬೇರೆ ಪುಸ್ತಕಗಳಲ್ಲಿ ‘ವಿಕ್ರಮ’ ಅಂತ ಬಂದರೂ ನಮ್ಮ ಚಂದಮಾಮದಲ್ಲಿ ‘ತ್ರಿವಿಕ್ರಮ’ ಇದ್ದದ್ದು ಅಚ್ಚಿನ ತಪ್ಪಲ್ಲ, ನೋಡಿ. ಸೋಮದೇವ ಇದನ್ನು ಬರೆದದ್ದು ಅನಂತ ರಾಜನ ರಾಣಿ ಸೂರ್ಯಮತಿಯ ಮನಸ್ಸಿಗೆ ಸಮಾಧಾನವಾಗಲಿ ಅಂತ. ಅಂದರೆ ಮೊದಲ ಓದುಗಿತ್ತಿ ದೊಡ್ಡ ಹೆಂಗಸು. ಮಕ್ಕಳ ಪುಸ್ತಕದಿಂದ ದೊಡ್ಡವರು ಏನು ಹುಡುಕುವುದು ಅಂತ ನೀವು ಸಂಕೋಚಪಡಬೇಕಾಗಿಲ್ಲ. ದೊಡ್ಡವರ ಪುಸ್ತಕ ನಡುವೆ ಎಲ್ಲೋ ಮಕ್ಕಳ ಕೈಗೆ ಸಿಕ್ಕಿತು.

(ಸೋಮದೇವನ ಬೇತಾಳ ಇರುವುದು ಶಿಂಶಪಾ ಮರದಲ್ಲಿ. ತಮಿಳಿನಲ್ಲಿ ಅದು ನುಗ್ಗೆ ಮರ. ಹಳೇ ಚಾಳಿಗೆ ಮರಳಿದವರನ್ನು ಬೇತಾಳ ಮತ್ತೆ ನುಗ್ಗೆ ಮರ ಹತ್ತಿತು ಅಂತ ಅಲ್ಲಿ ಹೇಳುತ್ತಾರೆ. ನುಗ್ಗೆ ಕೊಂಬೆ ಬೆಕ್ಕು ಹತ್ತಿದರೂ ಮುರಿಯುತ್ತದೆ. ಹೆಣ ಹೇಗೆ ತಡೆಯಿತೋ.)

ಮೂಲದಲ್ಲಿ ಇರುವುದು 24 ಒಗಟು. ಮಾಸಿಕ ಪತ್ರಿಕೆಗೆ ಅಷ್ಟು ಎರಡು ವರ್ಷಕ್ಕೆ ಮುಗಿಯುತ್ತದೆ. ಮುಗಿದಾಗ ಚಂದಮಾಮದವರು ನಿಲ್ಲಿಸಲಿಲ್ಲ, ಹೊಸ ಕಥೆ ಹೊಸೆಯುತ್ತಾ ಹೋದರು. ದಶಕಗಟ್ಟಲೆ ಬಂದ ಆ ನೂರಾರು ಬೇತಾಳ ಕಥೆಗಳಲ್ಲಿ ಹೆಚ್ಚಿನವು ಇಪ್ಪತ್ತನೇ ಶತಮಾನದವು. 1952ರಿಂದ 1980ರವರೆಗೆ ಸಂಪಾದಕರಾಗಿದ್ದವರು ತೆಲುಗಿನ ಕೊಡವಟಿಗಂಟಿ ಕುಟುಂಬರಾವ್. ಎಡಪಂಥದ, ವಿಚಾರವಾದಿ ಲೇಖಕ. ಬೇತಾಳವನ್ನು ಅಷ್ಟು ವರ್ಷ ಸಾಕಿದವರು ದೆವ್ವ ನಂಬುವವರಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಹಳೆಯದಕ್ಕೂ ಹೊಸದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೋಮದೇವನ ಬೇತಾಳ ಕೇಳುವುದು ತೀರ್ಪು: ಇವಳು ಯಾರ ಹೆಂಡತಿ? ಇವರಲ್ಲಿ ಯಾರು ದೊಡ್ಡವರು? ತಪ್ಪು ಯಾರದು? ಚಂದಮಾಮದ ಹೊಸ ಬೇತಾಳ ಕೇಳುವುದು ಕಾರಣ. ಒಬ್ಬ ಬಡವ ಯಕ್ಷ ಕೊಡುವ ವರ ಬೇಡ ಅನ್ನುತ್ತಾನೆ. ಯೋಗ್ಯ ಮಂತ್ರಿಯನ್ನು ರಾಜ ಬಿಟ್ಟು ಅಷ್ಟೇನೂ ಜಾಣನಲ್ಲದವನನ್ನು ಇಟ್ಟುಕೊಳ್ಳುತ್ತಾನೆ. ಇವನು ಹೀಗೇಕೆ ಮಾಡಿದ? ಪೆದ್ದುತನವಾ, ಜಂಬವಾ? ಮೇಲೆ ನೋಡಿದರೆ ಅರ್ಥವಾಗದ ನಡತೆಯ ಒಳಗೆ ಏನಿತ್ತು ಅಂತ ತ್ರಿವಿಕ್ರಮ ಬಿಡಿಸಿ ಹೇಳುತ್ತಾನೆ. ಹತ್ತು ವರ್ಷದಲ್ಲಿ ಈ ಕೊನೆಯ ಪ್ಯಾರಾವನ್ನೂ ನಾವು ಓದುತ್ತಿರಲಿಲ್ಲ. ಶವ ಮತ್ತೆ ಮರ ಹತ್ತಿತಾ ಅಂತ ನೋಡಿ ಪುಟ ತಿರುಗಿಸುವುದು. ಆದರೆ ಈಗ ಯೋಚಿಸಿ. ದಿನ ಬೆಳಗಾದರೆ ನೀವು ಮಾಡುವುದು ಇದೇ ಕೆಲಸ ಅಲ್ವಾ? ನಾದಿನಿ ಯಾಕೆ ಫೋನ್ ಇಟ್ಟುಬಿಟ್ಟಳು, ಆಫೀಸಿನಲ್ಲಿ ಅವನು ಪ್ರಮೋಷನ್ ಯಾಕೆ ಬೇಡ ಅಂದ, ಅಪ್ಪ ಆ ಸೈಟನ್ನು ಅಷ್ಟು ಕಡಿಮೆಗೆ ಯಾಕೆ ಮಾರಿದರು. ಈ ವಯಸ್ಸಿನಲ್ಲಿ ಬೇತಾಳ ಕಥೆಯ ಬೆಲೆ ಇರುವುದು ಮೊದಲ ಪ್ಯಾರಾ, ಕೊನೆಯ ಪ್ಯಾರಾಗಳಲ್ಲಿ. ಚಿಕ್ಕವರಿದ್ದಾಗ ಹಾರಿಸಿದ್ದೆಲ್ಲ ಓದಿ. ಮಧ್ಯದ ಮಾಯ ಮಂತ್ರ ನಿಮಗೆ ಗೊತ್ತೇ ಇದೆ.

ಓದುವಾಗ ಒಂದು ಕೆಲಸ ಮಾಡಿ. ಬೇತಾಳ ಪ್ರಶ್ನೆ ಕೇಳಿದ ಕಡೆ ಪುಸ್ತಕ ಮುಚ್ಚಿ, ನಿಮ್ಮ ಉತ್ತರ ನೀವು ಹೇಳಿಕೊಳ್ಳಿ. ಆಮೇಲೆ ತ್ರಿವಿಕ್ರಮನದು ನೋಡಿ. ನನ್ನ ಅನುಭವದಲ್ಲಿ ಮೂರರಲ್ಲಿ ಒಂದು ಕಡೆ ಅವನ ಉತ್ತರ ನನಗೆ ಒಪ್ಪಿಗೆಯಿಲ್ಲ. ಕೆಲವು ಕಡೆ ಅವನು ಬರೀ ರಾಜನ ಹಾಗೆ ಮಾತಾಡುತ್ತಾನೆ.

ಈಗ ಹೆಣ್ಣಿನ ವಿಷಯ. ನೀವು ಹೇಳಿದ್ದು ಸರಿ. ಅದನ್ನು ಆ ಕಾಲ ಹಾಗಿತ್ತು ಅಂತ ಒರೆಸಿ ಹಾಕುವುದಿಲ್ಲ. ಮೂಲದ ಎರಡನೇ ಕಥೆಯನ್ನೇ ತೆಗೆದುಕೊಳ್ಳಿ. ಮಂದಾರವತಿ ಅಂತ ಹುಡುಗಿ. ಮೂವರು ಅವಳನ್ನು ಮದುವೆಯಾಗಲು ಬಂದಿದ್ದಾರೆ. ಮದುವೆಗೆ ಮುಂಚೆಯೇ ಜ್ವರ ಬಂದು ಸಾಯುತ್ತಾಳೆ. ಒಬ್ಬ ಅವಳ ಬೂದಿಯ ಮೇಲೆ ಗುಡಿಸಲು ಕಟ್ಟಿ ಅಲ್ಲೇ ಮಲಗುತ್ತಾನೆ. ಇನ್ನೊಬ್ಬ ಮೂಳೆ ತೆಗೆದುಕೊಂಡು ಗಂಗೆಗೆ ಹೋಗುತ್ತಾನೆ. ಮೂರನೆಯವನು ಸನ್ಯಾಸಿಯಾಗಿ ಅಲೆಯುತ್ತಾ ಎಲ್ಲೋ ಸತ್ತವರನ್ನು ಬದುಕಿಸುವ ಮಂತ್ರ ಕಲಿತು ಬರುತ್ತಾನೆ. ಮೂವರೂ ಸೇರುತ್ತಾರೆ, ಹುಡುಗಿ ಎದ್ದು ಕೂರುತ್ತಾಳೆ, ಜಗಳ ಶುರು. ಅವಳು ಯಾರಿಗೆ? ತ್ರಿವಿಕ್ರಮನ ತೀರ್ಪು: ಜೀವ ಕೊಟ್ಟವನು ತಂದೆ ಸಮಾನ, ಮೂಳೆ ಗಂಗೆಗೆ ಒಯ್ದವನು ಮಗನ ಸಮಾನ, ಬೂದಿಯನ್ನು ತಬ್ಬಿ ಮಲಗಿದವನೇ ಗಂಡ.

ಹೋದ ವರ್ಷ ಅವರೆಕಾಯಿ ಸೀಸನ್ನಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ, ಅವಳ ಹತ್ತು ವರ್ಷದ ಮೊಮ್ಮಗಳು, ನಾನು, ಮೂವರೂ ಪಾತ್ರೆ ಮುಂದಿಟ್ಟುಕೊಂಡು ನೆನೆಸಿದ ಕಾಳು ಹಿದುಕುತ್ತಿದ್ದೆವು. ಕೈಗೆ ಕೆಲಸ ಇತ್ತು, ಬಾಯಿಗೆ ಇರಲಿಲ್ಲ. ಈ ಕಥೆ ಹೇಳಿದೆ. ಪ್ರಶ್ನೆ ಕೇಳಿ ನಿಲ್ಲಿಸಿದೆ. ಹುಡುಗಿ ಒಂದು ಕಾಳನ್ನು ಚಿಮ್ಮಿಸಿ ಕೇಳಿದಳು: “ತಾತ, ಅವಳಿಗೆ ಜೀವ ಬಂತಲ್ವಾ? ಅವಳನ್ನೇ ಕೇಳಬಹುದಿತ್ತಲ್ಲ?” ಒಂಬೈನೂರು ವರ್ಷದಿಂದ ಓಡಾಡುತ್ತಿರುವ ಕಥೆ. ನಾನೇ ಎಷ್ಟು ಸಲ ಪಾಠ ಮಾಡಿದ್ದೇನೋ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅಕ್ಕ ತಲೆ ಎತ್ತದೆ, “ನನ್ನ ಮದುವೇಲಿ ನನ್ನನ್ನೂ ಯಾರೂ ಕೇಳಿರಲಿಲ್ಲ ಕಣೇ” ಅಂದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇತ್ತು.

ನಿಮ್ಮ ಮಗಳು ಮಡಚಿಟ್ಟಿದ್ದಕ್ಕೆ ಮದ್ದು ಇದೇ. ಕೈಗೆ ಕೊಟ್ಟು ಓದು ಅನ್ನಬೇಡಿ. ಆ ಸಣ್ಣ ಅಚ್ಚು, ಹಳದಿ ಕಾಗದ, ಗ್ರಂಥದ ಕನ್ನಡ ಅವಳಿಗೆ ದೂರ. ನೀವು ಬಾಯಲ್ಲಿ ಹೇಳಿ, ಪ್ರಶ್ನೆಯ ಹತ್ತಿರ ನಿಲ್ಲಿಸಿ. ಉತ್ತರ ನಾಳೆ. ಈ ಕಥೆಗಳು ಹುಟ್ಟಿದ್ದು ಹೇಳುವುದಕ್ಕೆ.

ದೊಡ್ಡವರಾಗಿ ಬೇತಾಳ ಕಥೆಯನ್ನು ಮತ್ತೆ ಓದುವುದು ಹೇಗೆ ಅನ್ನುವುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಮಾದರಿ ಇದೆ. ಗಿರೀಶ ಕಾರ್ನಾಡರ ‘ಹಯವದನ’, 1971ರ ನಾಟಕ. ಬಹಳ ಜನ ನೋಡಿದ್ದಾರೆ, ಅದರ ಬೇರು ಬೇತಾಳದ ಆರನೇ ಕಥೆಯಲ್ಲಿದೆ ಅಂತ ನೆನಪಿಟ್ಟವರು ಕಡಿಮೆ. ಕಾರ್ನಾಡರಿಗೆ ಅದು ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಬರೆದ ಕಿರು ಕಾದಂಬರಿಯ ಮೂಲಕ ಬಂತು. ಕಾಶ್ಮೀರದಿಂದ ಹೊರಟ ಕಥೆ ಯೂರೋಪು ಸುತ್ತಿ ಧಾರವಾಡದವರ ಕೈಗೆ ಸಿಕ್ಕಿತು.

ಮೂಲದಲ್ಲಿ ದೇವಿಯ ಗುಡಿಯೊಳಗೆ ಇಬ್ಬರು ಗಂಡಸರು ತಲೆ ಕಡಿದುಕೊಳ್ಳುತ್ತಾರೆ. ದೇವಿ ವರ ಕೊಟ್ಟಾಗ ಅವರಲ್ಲೊಬ್ಬನ ಹೆಂಡತಿ ಮದನಸುಂದರಿ ಸಡಗರದಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನ ಮೈಗೆ ಸೇರಿಸಿಬಿಡುತ್ತಾಳೆ. ಗಂಡ ಯಾರು? ಸೋಮದೇವನಲ್ಲಿ ಆ ಎರಡನೆಯವನು ಅವಳ ಅಣ್ಣ. ಮಕ್ಕಳ ಪುಸ್ತಕದಲ್ಲಿ ಇದನ್ನು ಯಾಕೆ ಮೆಲ್ಲಗೆ ದಾಟಿಸುತ್ತಾರೆ ಅಂತ ಈಗ ನಿಮಗೆ ಗೊತ್ತಾಗುತ್ತದೆ. ಕಾರ್ನಾಡರಲ್ಲಿ ಅವನು ಗಂಡನ ಗೆಳೆಯ. ತ್ರಿವಿಕ್ರಮನ ಉತ್ತರ ಸರಳ: ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಯಾರಿಗಿದೆಯೋ ಅವನೇ ಗಂಡ. ಇಷ್ಟು ಹೇಳಿ ಅವನು ಶವ ಹುಡುಕಿಕೊಂಡು ಹೊರಟ.

ಕಾರ್ನಾಡರು ಹೊರಡಲಿಲ್ಲ. ನಾಟಕದಲ್ಲೂ ಋಷಿಯೊಬ್ಬ ಅದೇ ತೀರ್ಪು ಕೊಡುತ್ತಾನೆ, ಹೆಂಡತಿ ಪದ್ಮಿನಿ ಗಂಡ ದೇವದತ್ತನ ತಲೆ, ಗೆಳೆಯ ಕಪಿಲನ ಮೈ ಇರುವವನ ಜೊತೆ ಹೋಗುತ್ತಾಳೆ, ಎರಡೂ ಸಿಕ್ಕಿತು ಅಂತ ಸಂತೋಷವಾಗಿಯೇ. ಆಮೇಲೆ ಏನಾಗುತ್ತದೆ ಅನ್ನುವುದು ನಾಟಕ. ತಿಂಗಳುಗಟ್ಟಲೆ ಸಂಸಾರ ನಡೆದ ಮೇಲೆ ಆ ಗಟ್ಟಿ ಮೈ ಮೆತ್ತಗಾಗುತ್ತಾ ಬರುತ್ತದೆ, ಪುಸ್ತಕ ಓದುವವನ ಮೈಯಾಗುತ್ತದೆ. ಕಪಿಲನ ತಲೆ ಇರುವವನು ಕಾಡಿಗೆ ಹೋಗುತ್ತಾನೆ, ಅವನಿಗೆ ಸಿಕ್ಕ ಮೆತ್ತನೆ ಮೈ ಗಟ್ಟಿಯಾಗುತ್ತದೆ. ತಲೆ ಗೆದ್ದಿತು, ತೀರ್ಪು ಸರಿಯಾಯಿತು, ಬದುಕು ಮಾತ್ರ ಸರಿಹೋಗಲಿಲ್ಲ. ಇಲ್ಲಿ ಪದ್ಮಿನಿ ಮಾತಾಡುತ್ತಾಳೆ, ಬೇಕು ಅನ್ನುತ್ತಾಳೆ. ನೀವು ಸಂಪುಟ ಮುಚ್ಚುವಾಗ ಪಟ್ಟ ಬೇಸರ ಇದೆಯಲ್ಲ, ಇವಳನ್ನು ಯಾರೂ ಕೇಳಲಿಲ್ಲ ಅನ್ನುವುದು, ಅಲ್ಲಿಂದಲೇ ಒಬ್ಬರು ನಾಟಕ ಬರೆದರು ಅಂದುಕೊಳ್ಳಿ. ಬೇಸರವಾಯಿತು ಅಂತ ಪುಸ್ತಕ ಬಿಡುವುದಾದರೆ ಒಳ್ಳೆಯ ಜಾಗದಲ್ಲಿ ಬಿಟ್ಟ ಹಾಗೆ.

ಇನ್ನೊಂದು ವಿಷಯ ಉಳಿದಿದೆ. ನಾವು ಚಂದಮಾಮದಲ್ಲಿ ಓದಿದ ಬೇತಾಳಕ್ಕೆ ಕೊನೆಯೇ ಇರಲಿಲ್ಲ. ತಿಂಗಳು ತಿಂಗಳು ರಾಜ ಬಾಯಿ ಬಿಡಬೇಕು, ಶವ ಮರ ಹತ್ತಬೇಕು, ಇಲ್ಲದಿದ್ದರೆ ಪತ್ರಿಕೆ ನಡೆಯುವುದಿಲ್ಲ. ಕೊನೆಗೆ ಪತ್ರಿಕೆಯೇ ನಿಂತಿತು, ರಾಜ ಇನ್ನೂ ದಾರಿಯಲ್ಲೇ ಇದ್ದ. ಹಾಗಾಗಿ ನಮ್ಮ ತಲೆಮಾರಿನ ಬಹಳ ಜನಕ್ಕೆ ಕಥೆ ಹೇಗೆ ಮುಗಿಯುತ್ತದೆ ಅಂತಲೇ ಗೊತ್ತಿಲ್ಲ. ಸೋಮದೇವನಲ್ಲಿ ಅದು ಹೀಗಿದೆ. 24ನೇ ಕಥೆಯಲ್ಲಿ ಅಪ್ಪ ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ನೋಡುತ್ತಾರೆ. ದೊಡ್ಡ ಪಾದದವಳು ತಾಯಿ ಇರಬೇಕು, ಅವಳು ಅಪ್ಪನಿಗೆ, ಚಿಕ್ಕ ಪಾದದವಳು ಮಗನಿಗೆ ಅಂತ ಮಾತು ಮಾಡಿಕೊಳ್ಳುತ್ತಾರೆ. ಹತ್ತಿರ ಹೋದರೆ ದೊಡ್ಡ ಪಾದ ಮಗಳದು. ಮಾತು ಮಾತೇ. ಅಪ್ಪ ಮಗಳನ್ನೂ, ಮಗ ತಾಯಿಯನ್ನೂ ಮದುವೆಯಾದರು. ಎರಡೂ ಕಡೆ ಮಕ್ಕಳಾದವು. ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು?

ತ್ರಿವಿಕ್ರಮಸೇನ ಯೋಚಿಸುತ್ತಾ ನಡೆಯುತ್ತಾನೆ. ಉತ್ತರ ಸಿಗುವುದಿಲ್ಲ. ಸುಮ್ಮನೆ ನಡೆಯುತ್ತಲೇ ಇರುತ್ತಾನೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಅನ್ನುವುದು ಶರತ್ತು. ಗೊತ್ತೇ ಇಲ್ಲದವನಿಗೆ ಏನೂ ಆಗುವುದಿಲ್ಲ. ಇಪ್ಪತ್ಮೂರು ಸಲ ಜಾಣತನದಿಂದ ಕಳೆದುಕೊಂಡ ಶವ ಈ ಸಲ ಹೆಗಲ ಮೇಲೇ ಉಳಿಯುತ್ತದೆ. ಬೇತಾಳ ಮೆಚ್ಚಿ ಗುಟ್ಟು ಹೇಳುತ್ತದೆ: ಹತ್ತು ವರ್ಷ ದಿನಾ ಹಣ್ಣಿನೊಳಗೆ ರತ್ನ ಇಟ್ಟು ಕೊಟ್ಟು, ಶವ ತರಲು ನಿನ್ನನ್ನು ಕಳಿಸಿದ ಆ ಭಿಕ್ಷು ಕ್ಷಾಂತಿಶೀಲ ನಿನ್ನನ್ನೇ ಬಲಿ ಕೊಡಲಿದ್ದಾನೆ. ಅಡ್ಡಬೀಳು ಅಂದರೆ, ನನಗೆ ಗೊತ್ತಿಲ್ಲ, ನೀನೇ ಮಾಡಿ ತೋರಿಸು ಅನ್ನು. ರಾಜ ಹಾಗೇ ಅನ್ನುತ್ತಾನೆ. ಭಿಕ್ಷು ಬಗ್ಗಿದಾಗ ಅವನ ತಲೆ ಹಾರಿಸುತ್ತಾನೆ. ಎರಡು ಸಲವೂ ಅವನನ್ನು ಉಳಿಸಿದ್ದು ‘ಗೊತ್ತಿಲ್ಲ’ ಅನ್ನುವುದೇ. ಒಂದು ಸಲ ನಿಜವಾಗಿ, ಇನ್ನೊಂದು ಸಲ ನಾಟಕಕ್ಕೆ.

ಇದನ್ನು ಹನ್ನೆರಡನೇ ವಯಸ್ಸಿನಲ್ಲಿ ಓದಿದ್ದರೆ ನನಗೆ ಮೋಸ ಅನ್ನಿಸುತ್ತಿತ್ತು. ಅಷ್ಟು ಜಾಣ ರಾಜ ಕೊನೆಯ ಪ್ರಶ್ನೆಗೆ ಸೋಲುವುದಾ? ಈಗ ಇಡೀ ಸರಣಿಯಲ್ಲಿ ನನಗೆ ಹತ್ತಿರವಾದ ಜಾಗ ಇದೊಂದೇ, ಅವನು ಉತ್ತರವಿಲ್ಲದೆ ಕತ್ತಲಲ್ಲಿ ನಡೆಯುವ ಆ ನಾಲ್ಕು ಹೆಜ್ಜೆ.

ಮಿಕ್ಕ ಮೂರು ಸಂಪುಟ ಓದಿ. ಒಂದೇ ಸಲಕ್ಕೆ ಬೇಡ. ಬೈಂಡು ಸಡಿಲವಾಗಿದ್ದರೆ ದಯವಿಟ್ಟು ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಊರಿನಲ್ಲಿ ಹಳೇ ಬೈಂಡರ್ ಯಾರಾದರೂ ಇದ್ದರೆ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕಟ್ಟಿಕೊಡಲು ಹೇಳಿ. ಹುಳ ಹತ್ತುವುದಿಲ್ಲ.